ಹನ್ನೊಂದು ನಿಮಿಷ

ಸ್ಟಾರ್ಟ್ ಆಗುವುದಿಲ್ಲ ಅಂತಲ್ಲ, ಆಗುತ್ತದೆ.
ಗುಂಡಿ ಒತ್ತಿದರೆ ಒಂದು ಕೆಮ್ಮು, ಎರಡು ಕೆಮ್ಮು,
ಆಮೇಲೆ ಗಂಟಲು ಸರಿಮಾಡಿಕೊಂಡ ಭಾಗವತರ ಹಾಗೆ
ಎತ್ತಿದ ಪದ ಬಿಡದೆ ಹಾಡುತ್ತದೆ
ಹನ್ನೊಂದು ನಿಮಿಷ.
ಹನ್ನೆರಡಕ್ಕೆ ಕಾಲಿಡುವ ಮೊದಲೇ
ಸ್ವರ ಇಳಿದು, ದಮ್ಮು ಕಟ್ಟಿ, ಢಬ್.
ದೋಣಿಮನೆಯ ಫ್ರಿಜ್ಜು, ಫ್ಯಾನು, ಏಸಿ
ಒಟ್ಟಿಗೇ ಬಾಯಿ ಮುಚ್ಚುತ್ತವೆ.
ಆಗ ಕೇಳುವುದು ಮರ್ರೇ ನದಿಯ ದಡದಲ್ಲಿ
ಬಿಳಿ ಕಾಕಟೂಗಳ ಜಗಳ ಮಾತ್ರ.

ರೆನ್‌ಮಾರ್ಕ್. ಜನವರಿ. ನಲವತ್ತಮೂರು ಡಿಗ್ರಿ.
ಇಂಜಿನ್ ಕೋಣೆ ಅನ್ನುತ್ತಾರೆ,
ಹಲಗೆ ಎತ್ತಿ ಹೊಟ್ಟೆಯಡಿಯಾಗಿ ತೂರಬೇಕಾದ ಗೂಡಿಗೆ.
ಮೇಲೆ ನಿಂತು ನೋಸ್ಕಿ ಟಾರ್ಚು ಹಿಡಿಯುತ್ತಾನೆ,
ಬೆಳಕು ಯಾವಾಗಲೂ ನನ್ನ ಕೈಗಿಂತ ಒಂದು ಗೇಣು ಆಚೆ.
ನಾಗವೇಣಿಯನ್ನು ಅರ್ಧಕ್ಕೆ ಕಡಿದು
'ವೇನೀ, ಇದು ಸತ್ತಿದೆ ಅಲ್ಲವಾ?' ಅನ್ನುತ್ತಾನೆ.
ಶುಕ್ರವಾರ ಅಡಿಲೇಡಿನಿಂದ ಹನ್ನೆರಡು ಮಂದಿ ಬರುವವರು,
ಅವರ ಮುಂಗಡ ಖರ್ಚಾಗಿದೆ,
ಟ್ಯಾಂಕಿಗೆ ಕತ್ತಿನವರೆಗೂ ಡೀಸೆಲ್ ತುಂಬಿಸಿಯಾಗಿದೆ.

ಸತ್ತದ್ದಕ್ಕೆ ಗಡಿಯಾರ ಗೊತ್ತಿರುವುದಿಲ್ಲ ಸ್ವಾಮೀ.
ಇದಕ್ಕೆ ಗೊತ್ತಿದೆ.

ಗಂಗೊಳ್ಳಿ ಬಂದರಿನ ಅಂತೋನಿ ಮೇಸ್ತ್ರಿ
ಮೊದಲ ಮಳೆಗಾಲ ಪೂರ್ತಿ ನನ್ನನ್ನು ಸ್ಪಾನರು ಮುಟ್ಟಲು ಬಿಡಲಿಲ್ಲ.
'ಹ್ವಾಯ್, ಕೈ ಕಟ್ಕಂಡ್ ಕೂಕೊ,
ಅದ್ ಎಂತ ಹೇಳತ್ ಕೇಣ್.'

ಕೇಳಿದೆ. ಆದರೂ ಕೈ ಮುಂದೆ ಹೋಯಿತು.
ಫಿಲ್ಟರು ಬದಲಿಸಿದೆ.
ನೊರೆ ನಿಂತು ಬರೀ ಎಣ್ಣೆ ಬರುವ ತನಕ ಲೈನಿನ ಗಾಳಿ ತೆಗೆದೆ.
ನೀರಿನ ಪಂಪು ಬಿಚ್ಚಿ ರಬ್ಬರಿನ ಎಸಳು ಎಣಿಸಿದೆ, ಆರೂ ಇವೆ.
ಆಯಿಲ್ ಪ್ರೆಶರಿನ ಸ್ವಿಚ್ಚು ಸುಳ್ಳು ಹೇಳುತ್ತಿರಬಹುದೆಂದು
ವಯರಿನ ತುಂಡಿನಿಂದ ಅದರ ಬಾಯಿ ಕಟ್ಟಿದೆ.
ಹನ್ನೊಂದು ನಿಮಿಷ.
ಒಂದು ತಾಸು ಬಿಟ್ಟರೆ ಏನೂ ಆಗದವರ ಹಾಗೆ ಮತ್ತೆ ಹೊರಡುತ್ತದೆ,
ಹನ್ನೊಂದು ನಿಮಿಷ.
ಅಂಗೈಯಲ್ಲಿ ಬಾಲ್‌ಪೆನ್ನಿನಿಂದ ಬರೆದ ಲೆಕ್ಕ
ಬೆವರಿಗೆ ಕರಗಿ ಮಣಿಕಟ್ಟಿಗಿಳಿಯಿತು.

ಎರಡನೆಯ ದಿನ ನೋಸ್ಕಿ ಸುತ್ತಿಗೆ ತಂದ.
ಮೂರನೆಯ ದಿನ ಹೊಸ ಮೆಷಿನ್ನಿನ ರೇಟು ತಂದ, ಒಂಬತ್ತು ಸಾವಿರ ಡಾಲರು.
ಕಾಗದ ಅವನ ಕೈಯಲ್ಲಿ ಅಲುಗುತ್ತಿತ್ತು, ಗಾಳಿ ಇರಲಿಲ್ಲ.

ಡೀಸೆಲಿಗೆ ನೀರು ಸೇರಿದೆಯೋ ನೋಡೋಣವೆಂದು
ಟ್ಯಾಂಕಿನ ಮುಚ್ಚಳ ತಿರುಗಿಸಿದೆ, ಅಷ್ಟೆ.
ಹುಸ್ಸ್ಸ್...
ಮುಳುಗಿದ್ದವಳು ತಲೆಯೆತ್ತಿ ಎಳೆದುಕೊಂಡ ಉಸಿರು.

ಒಂದೇ ತೂತು ಚುಚ್ಚಿದ ಬೊಂಡ ಬಗ್ಗಿಸಿದರೆ
ಲೋಟಕ್ಕೆ ನೀರು ಬೀಳುತ್ತದೆಯೇ?
ಗಂಗೊಳ್ಳಿಯ ಚಿಳ್ಳೆಪಿಳ್ಳೆಗಳಿಗೂ ಗೊತ್ತು.
ನನಗೆ ಮೂರು ದಿನ ಬೇಕಾಯಿತು.

ದೋಣಿಯ ಹೊರಮೈಯಲ್ಲಿ, ಕಿರುಬೆರಳು ಗಾತ್ರದ ಗಾಳಿಕೊಳವೆ.
ಅದರ ಬಾಯಿಗೆ ಮಣ್ಣು.
ಕುಂಬಾರ ಹುಳ ಕಟ್ಟಿದ ಮನೆ.
ಮರ್ರೇ ದಡದ ಕೆಸರು ಉಂಡೆಯುಂಡೆ ಹೊತ್ತು,
ಉಗುಳಲ್ಲಿ ಕಲಸಿ, ತಿಗರಿಯಿಲ್ಲದೆ ತಿರುವಿ, ತಟ್ಟಿ, ಮೆತ್ತಿ.
ಸ್ಕ್ರೂಡ್ರೈವರಿನಿಂದ ಕೆದಕಿದರೆ ಒಳಗೆ ಎಂಟು ಜೇಡ.
ಸತ್ತಿರಲಿಲ್ಲ, ಮುಟ್ಟಿದರೆ ಒಂದೊಂದು ಕಾಲು ಆಡಿಸಿದವು.
ಹುಟ್ಟಲಿರುವ ಮರಿಗೆ ಕೆಡದ ಬುತ್ತಿ.
ಮೇಲೆ ಫ್ರಿಜ್ಜಿನಲ್ಲಿ
ಹನ್ನೆರಡು ಮಂದಿಗೆಂದು ತಂದ ಮಾಂಸ ಹಳಸುತ್ತಿತ್ತು.

ಕೊಳವೆಗೆ ಹಿತ್ತಾಳೆಯ ಜಾಲರಿ ಬಿಗಿದೆ.
ಹನ್ನೆರಡು ದಾಟಿತು. ಮೂವತ್ತು. ಒಂದು ತಾಸು.
ನೋಸ್ಕಿ ಮಾತಿಲ್ಲದೆ ಐಸು ಹಾಕಿದ ನೀರು ತಂದುಕೊಟ್ಟ.

ಬಿಲ್ಲು ಬರೆದೆ.
ಸಾಮಾನು: ಒಂದು ಫಿಲ್ಟರು, ಬೇಕಿರಲಿಲ್ಲ.
ಕೂಲಿ: ಮೂರು ದಿನ.
ನನ್ನ ಪೆದ್ದುತನದ ಬಾಬ್ತು ಎರಡು ದಿನ ವಜಾ.

ಶುಕ್ರವಾರ ಬೆಳಿಗ್ಗೆ, ಮರೆತುಬಂದ ಹತ್ತರ ಸಾಕೆಟ್ಟು ಹುಡುಕಿ ಹೋದೆ.
ಅಂಚುಹಲಗೆಯ ಮೇಲೆಯೇ ಇತ್ತು,
ಬಾಯಿಗೆ ಅರ್ಧಚಂದ್ರದಷ್ಟು ಹಸಿಮಣ್ಣು.
ಸಪೂರ ಸೊಂಟದ ಒಬ್ಬಳು, ನನ್ನತ್ತ ತಿರುಗಲೂ
ಪುರುಸೊತ್ತಿಲ್ಲದೆ ಕೆಲಸದಲ್ಲಿದ್ದಳು.

ಇರಲಿ.
ಪೇಟೆಯಲ್ಲಿ ಆರು ಡಾಲರಿಗೆ ಇನ್ನೊಂದು ಸಿಗುತ್ತದೆ.